ಹನ್ನೊಂದು ಸಲ ಅಳಿಸಿದ ಸಾಲು

“ಮೊದಲು ಇತಿಹಾಸ ಓದಿಕೊಂಡು ಬನ್ನಿ, ಆಮೇಲೆ ಬರೆಯಿರಿ.”

ಈ ಮಾತು ನನ್ನದು. ಕನ್ನಡ ವಿಕಿಪೀಡಿಯದಲ್ಲಿ ಕನ್ನಂಬಾಡಿ ಕಟ್ಟೆಯ ಪುಟ ತೆರೆದು, ಮೇಲೆ ‘ಇತಿಹಾಸ’ ಎಂದಿರುವುದನ್ನು (ಆ ಪುಟದಲ್ಲಿ ಯಾರು ಯಾವಾಗ ಏನು ಬದಲಾಯಿಸಿದರು ಎಂಬ ದಾಖಲೆ) ಒತ್ತಿ, ಕೆಲವು ವರ್ಷ ಹಿಂದಕ್ಕೆ ಸರಿದರೆ ತಾರೀಖು, ಗಂಟೆ, ನಿಮಿಷದ ಸಮೇತ ಸಿಗುತ್ತದೆ. ಲೇಖನದೊಳಗೆ ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಆದರೆ ಉಳಿಸುವ ಮುನ್ನ ‘ಏನು ಬದಲಾಯಿಸಿದಿರಿ’ ಎಂದು ಕೇಳುವ ಒಂದು ಸಣ್ಣ ಕಿಂಡಿ ಇದೆಯಲ್ಲ, ಅದರಲ್ಲಿ ಬರೆದ ಸಾರಾಂಶವನ್ನು ಒಮ್ಮೆ ಉಳಿಸಿದ ಮೇಲೆ ಬರೆದವನೂ ತಿದ್ದಲಾರ. ತೀರ ಹೊಲಸು ಬೈಗುಳವಾದರೆ ನಿರ್ವಾಹಕರು ಮರೆಮಾಡುತ್ತಾರೆ. ನನ್ನದು ಹೊಲಸಲ್ಲ, ಬರೀ ಅಹಂಕಾರ. ಹಾಗಾಗಿ ಉಳಿದುಕೊಂಡಿದೆ.

ಮಂಡ್ಯದ ಪೇಟೆ ಬೀದಿಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ನನ್ನ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಊರಹಬ್ಬದ ಕರಪತ್ರ. ಜಗಳಗಳ ವಿಷಯದಲ್ಲಿ ನನಗೆ ಅನುಭವ ಕಡಿಮೆಯೇನಲ್ಲ. ಲಗ್ನಪತ್ರಿಕೆಯಲ್ಲಿ ಅಕ್ಷರ ತಪ್ಪಾದರೆ ಜನ ನಕ್ಕು ಸುಮ್ಮನಾಗುತ್ತಾರೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಚಿಕ್ಕಪ್ಪನ ಹೆಸರು ಸೋದರಮಾವನ ಹೆಸರಿಗಿಂತ ಒಂದು ಸಾಲು ಕೆಳಗೆ ಬಂದರೆ ಮುಹೂರ್ತಕ್ಕೇ ಬರುವುದಿಲ್ಲ. ಅದಕ್ಕೇ ಪ್ರೂಫ್ ಹಾಳೆಯ ಮೇಲೆ ಎರಡೂ ಕಡೆಯವರ ರುಜು ಹಾಕಿಸಿಕೊಂಡೇ ಮುದ್ರಣಕ್ಕೆ ಕಳುಹಿಸುತ್ತೇನೆ. ರುಜು ಬಿದ್ದ ಮೇಲೆ ಹಳೆಯ ಪ್ರೂಫುಗಳೆಲ್ಲ ತೂಕಕ್ಕೆ ಹೋಗುತ್ತವೆ. ವಿಕಿಪೀಡಿಯದಲ್ಲಿ ಇದು ತಲೆಕೆಳಗು. ಅಲ್ಲಿ ಕೊನೆಯ ರುಜು ಎಂಬುದೇ ಇಲ್ಲ, ತೂಕಕ್ಕೆ ಹಾಕುವ ಹಾಳೆಯೂ ಇಲ್ಲ. ಒಂದೊಂದು ಪ್ರೂಫೂ ಕಪಾಟಿನಲ್ಲಿ ಜೋಡಿಸಿಟ್ಟಿರುತ್ತದೆ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ನಾನು ಸೇರಿದ್ದು ತುಂಬ ತಡವಾಗಿ, ಅದೂ ಒಬ್ಬ ಗಿರಾಕಿಗೆ ಊರಿನ ಹೆಸರಿನ ಕಾಗುಣಿತ ಹುಡುಕಿಕೊಡಲು ಹೋಗಿ. ತಪ್ಪು ಕಂಡಿತು, ತಿದ್ದಿದೆ, ತಿದ್ದಿದ್ದು ಉಳಿಯಿತು. ಅಷ್ಟೇ ಸಾಕಾಯಿತು. ರಾತ್ರಿ ಒಂಬತ್ತೂವರೆಗೆ ಶಟರ್ ಅರ್ಧ ಇಳಿಸಿ ಒಂದು ಗಂಟೆ ‘ಇತ್ತೀಚೆಗಿನ ಬದಲಾವಣೆಗಳು’ ನೋಡುವುದು ಅಭ್ಯಾಸವಾಯಿತು. ಇಂಗ್ಲಿಷ್ ವಿಕಿಪೀಡಿಯಕ್ಕೆ ಹೋಲಿಸಿದರೆ ನಮ್ಮದು ಸಣ್ಣ ಊರು. ನಿಯಮಿತವಾಗಿ ಬರುವವರ ಹೆಸರುಗಳು ಎಲ್ಲರಿಗೂ ಗೊತ್ತು. ಮಾತಾಡಲು ‘ಅರಳಿ ಕಟ್ಟೆ’ ಎಂಬ ಪುಟವೇ ಇದೆ, ಮತ್ತು ನಿಜವಾದ ಅರಳಿ ಕಟ್ಟೆಯಂತೆಯೇ ಅಲ್ಲೂ ಕೆಲವು ಮಧ್ಯಾಹ್ನ ಯಾರೂ ಇರುವುದಿಲ್ಲ.

ಆಷಾಢದಲ್ಲಿ ನನ್ನ ಅಂಗಡಿಗೆ ನೊಣವೂ ಬರುವುದಿಲ್ಲ. ಜಗಳ ಹತ್ತಿದ್ದು ಅಂಥ ಒಂದು ಆಷಾಢದಲ್ಲಿ. ಕೊಡಗಿನಲ್ಲಿ ಮಳೆ ಹಿಡಿದಿತ್ತು, ಕಟ್ಟೆ ತುಂಬುತ್ತಿತ್ತು. ಕಟ್ಟೆ ತುಂಬುವಾಗ ಆ ಪುಟಕ್ಕೂ ಒಳಹರಿವು ಹೆಚ್ಚುತ್ತದೆ. ಗರಿಷ್ಠ ಮಟ್ಟ 124.80 ಅಡಿ ಎಂದು ಬರೆದಿರುವುದನ್ನು ಯಾರೋ ಅಳಿಸಿ ಅಂದಿನ ಮಟ್ಟ ಹಾಕುತ್ತಾರೆ: 112, ಮರುದಿನ 115, ಆಮೇಲೆ 118. ಇದರಲ್ಲಿ ದುರುದ್ದೇಶವಿಲ್ಲ, ಸಂತೋಷ ತಡೆಯಲಾಗದೆ ಮಾಡುವುದು. ಅದನ್ನು ತಿದ್ದುವಾಗ ನನಗೂ ಒಳಗೊಳಗೇ ಖುಷಿ. ಆದರೆ ಆ ರಾತ್ರಿ ಬಂದದ್ದು ಬೇರೆ ತರಹದ ಬದಲಾವಣೆ. ಖಾತೆ ಇಲ್ಲದ ಒಬ್ಬರು, ಹೆಸರಿನ ಜಾಗದಲ್ಲಿ ಐಪಿ ವಿಳಾಸದ, ಎಂದರೆ ಅವರ ಇಂಟರ್ನೆಟ್ ಸಂಪರ್ಕದ ಗುರುತಿನ, ಅಂಕಿಗಳು ಮಾತ್ರ. ನಾಲ್ವಡಿಯವರ ಹೆಸರಿನ ಹಿಂದೆ ‘ಶ್ರೀಮನ್ಮಹಾರಾಜ’, ವಿಶ್ವೇಶ್ವರಯ್ಯನವರ ಹಿಂದೆ ‘ಭಾರತರತ್ನ ಸರ್’, ನಡುನಡುವೆ ಇನ್ನೇನೋ ತಿದ್ದುಗಳು, ಕೊನೆಯಲ್ಲಿ ಹೊಸದೊಂದು ಪ್ಯಾರಾ: “ಮಹಾರಾಜರ ಮಾತೃಶ್ರೀಯವರು ತಮ್ಮ ಒಡವೆಗಳನ್ನೆಲ್ಲ ಮಾರಿ ಈ ಕಟ್ಟೆಯನ್ನು ಕಟ್ಟಿಸಿದರು. ಇದನ್ನು ಅಲ್ಲಗಳೆಯುವವರು ಅನ್ನದ್ರೋಹಿಗಳು.”

ಒಡವೆಯ ಕಥೆ ನನಗೆ ಹೊಸದಲ್ಲ. ಮಂಡ್ಯ ಸೀಮೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ವಿಶ್ವೇಶ್ವರಯ್ಯನವರ ಪಟವಿರುವ ಮನೆಗಳು ಬೇಕಾದಷ್ಟಿವೆ, ನಮ್ಮ ಮನೆಯೂ ಅವುಗಳಲ್ಲೊಂದು. ಅಜ್ಜಿ ಅನ್ನ ಕಲಸಿ ತುತ್ತು ಕೊಡುವಾಗ ಹೇಳುತ್ತಿದ್ದ ಕಥೆ ಇದೇ. ಆದರೆ ಅಜ್ಜಿಯ ಕಥೆಯಲ್ಲಿ ಒಡವೆ ಅಡವಿಟ್ಟದ್ದು. ಪಕ್ಕದ ಮನೆಯವರ ಕಥೆಯಲ್ಲಿ ಮಾರಿದ್ದು. ಒಬ್ಬರ ಕಥೆಯಲ್ಲಿ ಅದು ರಾಜಮಾತೆಯವರ ಒಡವೆ, ಇನ್ನೊಬ್ಬರದರಲ್ಲಿ ಮಹಾರಾಣಿಯವರದು. ಹೀಗೆ ಬಾಯಿಂದ ಬಾಯಿಗೆ ಬೇರೆಯಾಗುವ ಮಾತನ್ನು ವಿಶ್ವಕೋಶದಲ್ಲಿ ಬರೆಯಬೇಕಾದರೆ ಎಲ್ಲಿಂದ ತೆಗೆದುಕೊಂಡದ್ದು ಎಂದು ತೋರಿಸಬೇಕು. ನಿಯಮ ನನ್ನ ಕಡೆಗಿತ್ತು. ನಿಯಮ ನಮ್ಮ ಕಡೆಗಿದ್ದಾಗ ಕೈ ಎಷ್ಟು ಬೇಗ ಓಡುತ್ತದೆ! ಒಂದೇ ಒತ್ತಿಗೆ ಅವರು ಮಾಡಿದ್ದನ್ನೆಲ್ಲ ರದ್ದು ಮಾಡಿದೆ.

ಹತ್ತು ನಿಮಿಷಕ್ಕೆ ಎಲ್ಲವೂ ಮರಳಿ ಬಂತು. ಮತ್ತೆ ರದ್ದು ಮಾಡಿದೆ. ಮತ್ತೆ ಬಂತು.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದಕ್ಕೆ ಲೆಕ್ಕವಿದೆ. ಒಂದು ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ಕೆಲಸವನ್ನು ರದ್ದು ಮಾಡಿದರೆ ನಿಮ್ಮ ಖಾತೆಗೇ ತಡೆ ಬೀಳಬಹುದು, ನೀವು ಹೇಳುವುದು ಸರಿಯೇ ಇದ್ದರೂ. ಕಣ್ಣಿಗೆ ಹೊಡೆಯುವ ಕುಚೇಷ್ಟೆಯನ್ನು ಅಳಿಸಿದರೆ ಮಾತ್ರ ಆ ಲೆಕ್ಕ ಅನ್ವಯಿಸದು. ಈ ಸಂದು ನನಗೆ ಗೊತ್ತಿತ್ತು. ಹಾಗಾಗಿ ಮನಸ್ಸಿನಲ್ಲೇ ಅವರಿಗೆ ‘ಕಿಡಿಗೇಡಿ’ ಎಂಬ ಹಣೆಪಟ್ಟಿ ಅಂಟಿಸಿ ಧೈರ್ಯವಾಗಿ ಮುಂದುವರಿದೆ. ಏಳನೆಯ ಸಲವೋ ಎಂಟನೆಯ ಸಲವೋ ಸಾರಾಂಶದಲ್ಲಿ ‘ಮೊದಲು ಇತಿಹಾಸ ಓದಿಕೊಂಡು ಬನ್ನಿ’ ಎಂಬ ಆ ಅಣಿಮುತ್ತನ್ನು ಉದುರಿಸಿದ್ದು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಹನ್ನೊಂದನೆಯದು. ಅಷ್ಟರಲ್ಲಿ ಒಬ್ಬ ನಿರ್ವಾಹಕರು ಇಬ್ಬರ ಆಟವನ್ನೂ ನೋಡಿ ಪುಟಕ್ಕೆ ಒಂದು ವಾರ ಬೀಗ ಹಾಕಿದರು.

ಬೀಗ ಬೀಳುವಾಗ ಪುಟದಲ್ಲಿ ಇದ್ದದ್ದು ಅವರ ಆವೃತ್ತಿ. ವಿಕಿಪೀಡಿಯದವರ ಹಳೆಯ ಹಾಸ್ಯವೇ ಇದು: ಬೀಗ ಯಾವಾಗಲೂ ತಪ್ಪಾದ ಆವೃತ್ತಿಯ ಮೇಲೆಯೇ ಬೀಳುತ್ತದೆ. ನಾನು ನಿರ್ವಾಹಕರಿಗೆ ಉದ್ದುದ್ದ ಬರೆದೆ. ಅವರು ಎರಡೇ ಸಾಲಿನಲ್ಲಿ ಉತ್ತರಿಸಿದರು. ಯಾರು ಸರಿ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲವಂತೆ. ಲೇಖನದ ಜೊತೆಗೇ ಇರುವ ಚರ್ಚೆ ಪುಟದಲ್ಲಿ ಒಂದು ಅಕ್ಷರವೂ ಇಲ್ಲವಲ್ಲ, ಮೊದಲು ಅಲ್ಲಿ ಮಾತಾಡಿ ಎಂದರು. ಸಿಟ್ಟು ಬಂತು. ನಮ್ಮಪ್ಪ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕೆಲವು ಕಾಲ ನೀರುಗಂಟಿಯಾಗಿದ್ದರು. ಯಾರ ಗದ್ದೆಯ ಭತ್ತ ಚೆನ್ನಾಗಿದೆ ಎಂದು ನೋಡಿ ತೂಬು ತೆಗೆಯುವವನಲ್ಲ ನೀರುಗಂಟಿ. ಸರದಿ ಯಾರದು, ಅಷ್ಟೇ. ಸಿಟ್ಟು ಇಳಿದ ಮೇಲೆ ಅದು ನೆನಪಾಯಿತು.

ಆ ವಾರ ಮಾಡಲು ಕೆಲಸವಿರಲಿಲ್ಲವಾಗಿ ಬೇರೆ ಪುಟಗಳಲ್ಲಿ ಓಡಾಡಿದೆ. ಪುಟ ಕೆಡಿಸುವವರಲ್ಲಿ ಎಷ್ಟು ಬಗೆ! ಶಾಲೆಯ ಹುಡುಗ ಗೆಳತಿಯ ಹೆಸರು ಬರೆದು ಓಡುತ್ತಾನೆ, ಅವನನ್ನು ಅಟ್ಟಿಸಿಕೊಂಡು ಹೋಗಬೇಕಾಗಿಲ್ಲ. ನಟರ ಅಭಿಮಾನಿಗಳು ಒಬ್ಬರ ಬಿರುದನ್ನು ಇನ್ನೊಬ್ಬರಿಗೆ ಹಾಕುತ್ತಾರೆ, ಚಿತ್ರ ಬಿಡುಗಡೆಯಾಗಿ ಹದಿನೈದು ದಿನಕ್ಕೆ ತಣ್ಣಗಾಗುತ್ತಾರೆ. ಕಾವೇರಿ ತೀರ್ಪಿನ ಪುಟದಲ್ಲಿ, ತಮಿಳುನಾಡಿಗೆ ಬಿಡಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ 177.25 ಟಿಎಂಸಿಯನ್ನು ಒಬ್ಬರು ಸೊನ್ನೆ ಮಾಡಿದ್ದರು. ಅಲ್ಲಿ ಸೊನ್ನೆ ಬರೆದರೆ ಇಲ್ಲಿ ನೀರು ಉಳಿಯುವಂತಿದ್ದರೆ ನಾನೇ ಬರೆಯುತ್ತಿದ್ದೆ. ಇನ್ನು ತಮ್ಮ ಬಗ್ಗೆ ತಾವೇ ಪುಟ ಮಾಡಿಕೊಳ್ಳುವ ಗಣ್ಯರು. ಅಂಥವರ ಗದ್ಯ ನನಗೆ ಬಾಯಿಪಾಠ, ಹುಟ್ಟುಹಬ್ಬದ ಫ್ಲೆಕ್ಸಿಗೆ ಬರೆಯುವವನು ನಾನೇ ಅಲ್ಲವೇ?

ನನಗೆ ನಿಜವಾಗಿ ಅಸಹ್ಯವೆನಿಸುವುದು ಜಾತಿಯವರು. ಸತ್ತು ಎಷ್ಟೋ ಶತಮಾನವಾದ ಕವಿಯನ್ನೋ ಪಾಳೆಯಗಾರನನ್ನೋ ರಾತ್ರೋರಾತ್ರಿ ತಮ್ಮ ಜಾತಿಗೆ ಸೇರಿಸಿಕೊಳ್ಳುತ್ತಾರೆ. ತೆಗೆದರೆ ಬೇರೆ ಹೆಸರಿನಲ್ಲಿ ಬರುತ್ತಾರೆ. ಒಬ್ಬನೇ ನಾಲ್ಕು ಖಾತೆ ಮಾಡಿಕೊಂಡು ಚರ್ಚೆ ಪುಟದಲ್ಲಿ ತನಗೆ ತಾನೇ ‘ಸರಿಯಾಗಿ ಹೇಳಿದಿರಿ’ ಎಂದು ಬೆನ್ನು ತಟ್ಟಿಕೊಳ್ಳುವುದನ್ನೂ ಕಂಡಿದ್ದೇನೆ. ಇಂಗ್ಲಿಷಿನವರು ಇದನ್ನು ಕಾಲುಚೀಲದ ಬೊಂಬೆ ಎನ್ನುತ್ತಾರೆ. ನಮ್ಮಲ್ಲಿ ಹಗಲುವೇಷ ಎಂಬ ಒಳ್ಳೆಯ ಮಾತಿದೆ, ನಾನು ಹಾಗೇ ಕರೆಯುವುದು. ನಾಲ್ಕೂ ಖಾತೆಗಳ ಹಿಂದೆ ಒಂದೇ ಕೈ ಇದೆಯೇ ಎಂದು ಒಳಗಿನ ದಾಖಲೆ ನೋಡಿ ಹೇಳುವ ಅಧಿಕಾರ ನಮ್ಮಂಥ ಸಣ್ಣ ವಿಕಿಯ ನಿರ್ವಾಹಕರಿಗಿಲ್ಲ. ಎಲ್ಲ ವಿಕಿಗಳಿಗೂ ಸೇರಿದ ಮೆಟಾ ತಾಣದಲ್ಲಿ ಸ್ಟೀವರ್ಡ್ ಎಂಬವರಿದ್ದಾರೆ, ಅವರನ್ನು ಕೇಳಿಕೊಳ್ಳಬೇಕು. ಇಂಥವರ ಜೊತೆ ವಾದ ಹೂಡುವುದು ದಂಡ. ಬದಲಾವಣೆಗಳ ಕೊಂಡಿಗಳನ್ನು ಒಂದು ಕಡೆ ಜೋಡಿಸಿ, ವಿಶೇಷಣಗಳನ್ನು ಬಿಟ್ಟು, ದೂರು ಕೊಟ್ಟು ಕೈತೊಳೆದುಕೊಳ್ಳಬೇಕು.

ಎಲ್ಲರೂ ಹಾಗಲ್ಲ ಎಂಬುದಕ್ಕೆ ಅದೇ ವಾರ ಒಂದು ಸಾಕ್ಷಿ ಸಿಕ್ಕಿತು. ಯಾರೋ ಹೊಸ ಸದಸ್ಯರು ಒಂದು ಹಳ್ಳಿಯ ಪುಟದ ತುಂಬ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಚುಕ್ಕಿ, ಗೀಟು, ಟೋಪಿಗಳ ಅರ್ಥವಿಲ್ಲದ ರಾಶಿ ಸುರಿದಿದ್ದರು. ಇಬ್ಬರು ಅಳಿಸಿ ಎಚ್ಚರಿಕೆ ಹಾಕಿದ್ದರು, ಇನ್ನೊಂದು ಸಲವಾದರೆ ತಡೆ. ನನಗೆ ಮಾತ್ರ ಅದು ರಾಶಿಯಾಗಿ ಕಾಣಲಿಲ್ಲ. ಇಪ್ಪತ್ತು ವರ್ಷ ನುಡಿ ತಂತ್ರಾಂಶದಲ್ಲಿ ಪುಟ ಕಟ್ಟಿದವನ ಕಣ್ಣು, ಫಾಂಟು ಕಳಚಿಬಿದ್ದಾಗ ಇಂಗ್ಲಿಷಿನ ದೊಡ್ಡ ‘ಪಿ’ ಕಂಡರೆ ಅಲ್ಲಿ ‘ಕ’ ಇತ್ತೆಂದು ಓದಿಕೊಳ್ಳುತ್ತದೆ. ಯುನಿಕೋಡಿಗೆ ಪರಿವರ್ತಿಸಿ ನೋಡಿದರೆ ತಮ್ಮೂರಿನ ಕೆರೆ, ಮಾರಿಗುಡಿ, ಕೊಂಡದ ಹಬ್ಬದ ಬಗ್ಗೆ ಅಚ್ಚುಕಟ್ಟಾದ ಮೂರು ಪುಟ. ಬರೆದವರು ಶಾಲೆಯ ಮೇಷ್ಟ್ರು. ಎಚ್ಚರಿಕೆ ಹಾಕಿದ ಇಬ್ಬರ ತಪ್ಪೂ ಇಲ್ಲ, ಅವರಿಗೆ ಕಂಡದ್ದು ಕಸವೇ.

ಆಗ ನನಗೆ ಅಂಕಿಯ ಯಜಮಾನರ ನೆನಪಾಯಿತು. ಅವರಿಗೆ ಕಂಡದ್ದೇನು?

ಇದನ್ನು ತಿಳಿಯಲು ನಾನು ಮಾಡಿದ್ದು ಬಹಳ ಸರಳ ಕೆಲಸ, ಮೊದಲೇ ಮಾಡಬೇಕಾಗಿದ್ದದ್ದು. ಮೊಬೈಲಿನಲ್ಲಿ ನನ್ನ ಖಾತೆಯಿಂದ ಹೊರಬಂದು ಬರೀ ಓದುಗನಾಗಿ ಆ ಪುಟ ತೆರೆದೆ. ಲೇಖನವಿತ್ತು, ಪೆನ್ಸಿಲ್ ಗುರುತಿತ್ತು. ಚರ್ಚೆ ಪುಟದ ದಾರಿಯೇ ಇರಲಿಲ್ಲ. ಖಾತೆ ಇಲ್ಲದೆ ಮೊಬೈಲಿನಲ್ಲಿ ಬರುವವರಿಗೆ ಆ ಕೊಂಡಿಯನ್ನು ಆಗ ತೋರಿಸುತ್ತಲೇ ಇರಲಿಲ್ಲ. ಅವರ ಐಪಿಯ ಚರ್ಚೆ ಪುಟದಲ್ಲಿ ನಾನು ಹಾಕಿದ್ದ ಮೂರು ಎಚ್ಚರಿಕೆಗಳೂ ಯಾರೂ ಇಲ್ಲದ ಮನೆಯ ಬಾಗಿಲಿಗೆ ಅಂಟಿಸಿದ ನೋಟೀಸು. ಮೊಬೈಲ್ ಕಂಪನಿಯವರು ಆ ಐಪಿಯನ್ನು ಮರುದಿನ ಇನ್ಯಾರಿಗೋ ಕೊಟ್ಟಿದ್ದರೂ ಆಶ್ಚರ್ಯವಿಲ್ಲ. ಎಂದರೆ, ಆ ಮನುಷ್ಯ ಬರೆದು ಉಳಿಸುತ್ತಾರೆ, ಹತ್ತು ನಿಮಿಷ ಬಿಟ್ಟು ನೋಡಿದರೆ ಮಾಯ. ಯಾರು ಅಳಿಸಿದರು, ಯಾಕೆ ಎಂದು ಹೇಳುವವರಿಲ್ಲ. ಮತ್ತೆ ಬರೆಯುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಅವರ ಕಣ್ಣಿಗೆ ಖಂಡಿತವಾಗಿ ಬೀಳುವ ಜಾಗ ಒಂದೇ ಒಂದಿತ್ತು: ಪೆನ್ಸಿಲ್ ಒತ್ತಿದಾಗ ತೆರೆಯುವ ಪಠ್ಯ. ಅದರೊಳಗೆ ಓದುಗರಿಗೆ ಕಾಣದಂತೆ, ತಿದ್ದುವವರಿಗೆ ಮಾತ್ರ ಕಾಣುವಂತೆ ಒಂದು ಟಿಪ್ಪಣಿ ಅಡಗಿಸಿಡಬಹುದು. ವಾರ ಕಳೆದು ಬೀಗ ತೆಗೆದ ರಾತ್ರಿ ಒಡವೆಯ ಪ್ಯಾರಾವನ್ನು ಮುಟ್ಟದೆ ಅದರ ನೆತ್ತಿಯ ಮೇಲೆ ಬರೆದೆ: “ಸ್ವಾಮಿ, ನಮಸ್ಕಾರ. ನಿಮ್ಮ ಬರಹವನ್ನು ಅಳಿಸುತ್ತಿದ್ದವನು ನಾನೇ, ಮಂಡ್ಯದವನು. ಒಡವೆಯ ವಿಷಯ ಯಾವ ಪುಸ್ತಕದಲ್ಲಿದೆ ಎಂದು ತಿಳಿಸುತ್ತೀರಾ?”

ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಮಧ್ಯಾಹ್ನ ವೀಕ್ಷಣಾಪಟ್ಟಿಯಲ್ಲಿ ಪುಟದ ಹೆಸರು ದಪ್ಪವಾಯಿತು. ತೆರೆದೆ. ಲೇಖನದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಅವರು ಉತ್ತರವನ್ನು ನನ್ನ ಟಿಪ್ಪಣಿಯ ಕೆಳಗೇ, ಅದೇ ಗುಪ್ತ ಜಾಗದೊಳಗೆ ಬರೆದಿದ್ದರು: “ತಾವು ಮನುಷ್ಯರೆಂದು ತಿಳಿದಿರಲಿಲ್ಲ. ಕಂಪನಿಯವರ ಯಂತ್ರ ಅಳಿಸುತ್ತಿದೆ ಎಂದುಕೊಂಡಿದ್ದೆ. ನಾನು ಮೈಸೂರಿನವನು. ನನಗೆ 78 ವರ್ಷ. ನಮ್ಮ ತಂದೆ ಹುಡುಗರಾಗಿದ್ದಾಗ ಕಟ್ಟೆಯ ಕೆಲಸದಲ್ಲಿ ಸುರ್ಕಿ ಗಾರೆ ಹೊತ್ತವರು. ಒಡವೆಯ ವಿಷಯ ಅವರು ಹೇಳಿದ್ದು.”

ಅದರ ಕೆಳಗೆ ಇನ್ನೂ ಒಂದು ಸಾಲು: “ಒಡವೆಯದು ಹಾಗಿರಲಿ. 1911ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು ಎಂದು ಬರೆದ ಮಹಾನುಭಾವ ಯಾರು? ಅದನ್ನು ಎಷ್ಟು ಸಲ ಸರಿಪಡಿಸಿದರೂ ತಾವು ಮತ್ತೆ ತಪ್ಪು ಮಾಡುತ್ತಿದ್ದಿರಿ.”

ಮಹಾನುಭಾವ ನಾನೇ. ಎರಡು ವರ್ಷದ ಹಿಂದೆ ಬರೆದ ಸಾಲು. ಕಟ್ಟೆಯ ಕೆಲಸ ಆರಂಭವಾದ 1911ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್, ದಿವಾನರಾಗಿದ್ದವರು ಟಿ. ಆನಂದರಾಯರು. ವಿಶ್ವೇಶ್ವರಯ್ಯನವರು ದಿವಾನಗಿರಿಗೆ ಬಂದದ್ದು 1912ರಲ್ಲಿ, ಬಿಟ್ಟದ್ದು 1918ರಲ್ಲಿ. ಕಟ್ಟೆ ಮುಗಿಯುವ ಹೊತ್ತಿಗೆ ಮಿರ್ಜಾ ಇಸ್ಮಾಯಿಲ್ ಅವರ ಕಾಲ. ಇದಾವುದೂ ಗುಟ್ಟಲ್ಲ, ಕಪಾಟಿನ ಯಾವ ಪುಸ್ತಕ ತೆಗೆದರೂ ಇರುತ್ತದೆ.

ನಾನು ರದ್ದು ಮಾಡಿದ ಹನ್ನೊಂದು ಬದಲಾವಣೆಗಳನ್ನೂ ಒಂದೊಂದಾಗಿ ತೆರೆದು ನೋಡಿದೆ. ಎಡಕ್ಕೆ ಹಳೆಯದು, ಹಳದಿ. ಬಲಕ್ಕೆ ಹೊಸದು, ನೀಲಿ. ‘ಶ್ರೀಮನ್ಮಹಾರಾಜ’ಕ್ಕೂ ‘ಅನ್ನದ್ರೋಹಿ’ಗೂ ನಡುವೆ, ಹನ್ನೊಂದರಲ್ಲೂ, ಒಂದು ಪದ ನೀಲಿಯಲ್ಲಿ ನಿಂತಿತ್ತು: ‘ದಿವಾನ’ ಹೋಗಿ ‘ಮುಖ್ಯ ಎಂಜಿನಿಯರ್’. ಮೇಲೆ ನೋಡಿ ಸಿಟ್ಟಾಗಿ, ಕೆಳಗೆ ನೋಡಿ ನಕ್ಕು, ನಡುವಿನದನ್ನು ಓದದೆಯೇ ಹನ್ನೊಂದು ಸಲ ಸರಿಯನ್ನು ತಪ್ಪು ಮಾಡಿದ್ದೆ. ಇತಿಹಾಸ ಓದಿಕೊಂಡು ಬನ್ನಿ ಎಂದು ಹೇಳಿದ್ದೂ ಅದೇ ಕೈಯಿಂದ.

ಈಗ ನಾನು ಯಾರ ಬದಲಾವಣೆಯನ್ನೂ ಇಡಿಯಾಗಿ ರದ್ದು ಮಾಡುವುದಿಲ್ಲ, ಕುಚೇಷ್ಟೆಯ ಹುಡುಗರನ್ನು ಬಿಟ್ಟು. ಪ್ರೂಫ್ ತಿದ್ದುವ ಹಾಗೆ ಪದ ಪದ ನೋಡಿ, ಇಟ್ಟುಕೊಳ್ಳುವುದನ್ನು ಇಟ್ಟುಕೊಂಡು ಮಿಕ್ಕದ್ದನ್ನು ತೆಗೆಯುತ್ತೇನೆ. ನಿಧಾನ. ಹೊಟ್ಟೆಪಾಡಿಗೆ ದಿನವಿಡೀ ಮಾಡುವುದನ್ನೇ ರಾತ್ರಿ ಪುಕ್ಕಟೆಯಾಗಿ ಮಾಡುತ್ತೀರಲ್ಲ ಎಂದು ಹೆಂಡತಿ ಕೇಳುತ್ತಾಳೆ, ಅವಳ ಪ್ರಶ್ನೆಗೆ ಉತ್ತರವಿಲ್ಲ.

ಒಡವೆಯ ವಿಷಯ ಮಾತ್ರ ಸುಲಭವಾಗಿ ಬಗೆಹರಿಯಲಿಲ್ಲ. ತಂದೆ ಹೇಳಿದ್ದು ಆಧಾರವಲ್ಲ ಎಂದು 78ರ ಹಿರಿಯರಿಗೆ ಹೇಗೆ ಬರೆಯುವುದು? ನಿಯಮ ಸರಿಯೇ, ಅವರ ತಂದೆಯನ್ನು ಒಪ್ಪಿದರೆ ನನ್ನ ಅಜ್ಜಿಯನ್ನೂ ಒಪ್ಪಬೇಕು, ಆಮೇಲೆ ಜಾತಿಯವರ ಅಜ್ಜಂದಿರು ಸಾಲುಗಟ್ಟಿ ನಿಲ್ಲುತ್ತಾರೆ. ಆದರೂ ಗಾರೆ ಹೊತ್ತವನ ಮಾತಿಗೆ ಜಾಗವಿಲ್ಲ ಎನ್ನುವಾಗ ಬೆರಳು ತಡೆಯುತ್ತದೆ. ಮೂರು ಸಲ ಬರೆದು ಅಳಿಸಿ, ಕೊನೆಗೆ ಹೀಗೆ ಕೇಳಿದೆ: ಅದು ನಡೆಯಿತು ಎಂದು ಬರೆಯುವ ಬದಲು, ಹಾಗೆಂದು ಜನ ಹೇಳುತ್ತಾರೆ ಎಂದು ಬರೆದರೆ ಆದೀತೇ? ಜನ ಹೇಳುತ್ತಾರೆ ಎಂಬುದಕ್ಕೆ ಪತ್ರಿಕೆಯ ಲೇಖನಗಳ ಆಧಾರ ಕೊಡಬಹುದು. “ಅನ್ನದ್ರೋಹಿ” ಮಾತ್ರ ಬೇಡ ಸ್ವಾಮಿ.

ಗುಪ್ತ ಟಿಪ್ಪಣಿಯೊಳಗೆ ಈ ಮಾತುಕತೆ ಒಂದು ತಿಂಗಳು ನಡೆಯಿತು. ಆ ತಿಂಗಳು ಕಟ್ಟೆಯ ಪುಟ ಓದಿದವರಿಗೆ ಯಾರಿಗೂ, ಎರಡು ಪ್ಯಾರಾಗಳ ಸಂದಿನಲ್ಲಿ ಮಂಡ್ಯದವನೊಬ್ಬನೂ ಮೈಸೂರಿನವರೊಬ್ಬರೂ ಹೀಗೆ ಹರಟುತ್ತಿದ್ದಾರೆಂದು ಗೊತ್ತಿರಲಿಲ್ಲ. ಚರ್ಚೆ ಪುಟಕ್ಕೆ ಬನ್ನಿ, ಖಾತೆ ಮಾಡಿಕೊಳ್ಳಿ, ಕೊನೆಯಲ್ಲಿ ನಾಲ್ಕು ಅಲೆಯ ಗುರುತು ಒತ್ತಿದರೆ ರುಜು ತಾನೇ ಬೀಳುತ್ತದೆ ಎಂದು ಎಷ್ಟು ಹೇಳಿದರೂ ಬರಲಿಲ್ಲ. “ಇಲ್ಲಿಯೇ ನೆಮ್ಮದಿಯಾಗಿದೆ” ಎಂದರು. ಆಮೇಲೆ ಲೇಖನ ಚೊಕ್ಕಟ ಮಾಡುವ ಒಬ್ಬ ಸದಸ್ಯರು ‘ಅನಗತ್ಯ ಟಿಪ್ಪಣಿ ತೆಗೆದಿದ್ದೇನೆ’ ಎಂದು ಸಾರಾಂಶ ಬರೆದು ಅಷ್ಟನ್ನೂ ಒಂದೇ ಏಟಿಗೆ ತೆಗೆದರು. ಅವರು ಮಾಡಿದ್ದು ಸರಿ. ಬೇಕಾದರೆ ಇತಿಹಾಸದಲ್ಲಿ ಇದ್ದೇ ಇದೆ.

ಒಡವೆಯ ಸಾಲು ಈಗ “ಎಂಬ ಮಾತು ಈ ಭಾಗದ ಜನರಲ್ಲಿ ಪ್ರಚಲಿತವಾಗಿದೆ” ಎಂದು ಮುಗಿಯುತ್ತದೆ. ದಿವಾನರ ಸಾಲು ಅವರು ತಿದ್ದಿದಂತೆಯೇ ಸರಿಯಾಗಿ ಉಳಿದಿದೆ, ಅದು ‘ನನ್ನ ತಪ್ಪು’ ಎಂದು ಆಮೇಲಿನ ಒಂದು ಬದಲಾವಣೆಯ ಸಾರಾಂಶದಲ್ಲಿ ಬರೆದಿದ್ದೇನೆ. ಟಿಪ್ಪಣಿ ಹೋದ ಮೇಲೆ ಯಜಮಾನರು ಒಂದೇ ಒಂದು ಸಲ ಬಂದಿದ್ದರು. ಅಂಕಿಗಳು ಬೇರೆ, ಆದರೆ ಕೈ ಅವರದೇ: ಮಹಾರಾಜರ ಹೆಸರಿನ ಹಿಂದೆ ಒಂದು ‘ಶ್ರೀ’ ಸೇರಿಸಿ ಹೋಗಿದ್ದರು. ಗೌರವಸೂಚಕ ಹಾಕಬಾರದು ಎಂಬುದು ನಮ್ಮ ಬರವಣಿಗೆಯ ಪದ್ಧತಿ. ಯಾರಾದರೂ ಕಂಡರೆ ತೆಗೆಯುತ್ತಾರೆ. ನಾನಂತೂ ಕಂಡೂ ತೆಗೆದಿಲ್ಲ.